ಮದ್ಯಪಾನದ ಪ್ರಾಯಮಿತಿಯನ್ನು ಇಳಿಸಬಹುದೋ?



ಶಾಲೆಯ ಸ್ಮರಣ ಸಂಚಿಕೆಯೆಂದರೆ ಹಳೆಯ ನೆನಪುಗಳ ಭಂಡಾರವೆಂದು ಎಣಿಸುವದು ರೂಢಿ. ಆದರೂ ಅದರಲ್ಲಿ ಒಂದೆರಡು ಪುಟಗಳನ್ನು ಪಾಠಕ್ಕಾಗಿ ಮೀಸಲಿಡುವದು ಯೋಗ್ಯವೆಂದು ನಾವು ನಂಬುತ್ತೇವೆ. ಶಾಲೆಯನ್ನು ಬಿಟ್ಟುಹೋದವರು ಕಲಿಯುವದನ್ನು ಬಿಟ್ಟವರಲ್ಲವಷ್ಟೆ. ಈ ಸಾರಿ ನಾವು ಆರಿಸಿಕೊಂಡ ವಿಷಯವು ಪಠ್ಯಪುಸ್ತಕದಿಂದ ಬಂದದ್ದಲ್ಲ. ಮೇಲಿನ ತರಗತಿಯ ಹುಡುಗಿಯರ ಚರ್ಚಾಕೂಟದಿಂದ ಬಂದದ್ದು.

ಅಂದಿನ ಚರ್ಚೆಯ ವಿಷಯವು ಹೀಗಿತ್ತು: “ಮದ್ಯವನ್ನು ಕೊಳ್ಳುವದಕ್ಕೆ ಕಾಯಿದೆಯು ವಿಧಿಸಿದ ಪ್ರಾಯವನ್ನು 21ರಿಂದ 18ಕ್ಕೆ ಇಳಿಸತಕ್ಕದ್ದು.” ಪರವಾಗಿ ಮಾತಾಡಿದ ಹುಡುಗಿಯೊಬ್ಬಳು, “18 ವರ್ಷದವರು ನಾಡನ್ನು ಆಳುವವರನ್ನು ಆರಿಸಬಹುದಂತೆ. ತಾವು ಏನು ಕುಡಿಯಬೇಕೆಂಬದನ್ನು ಮಾತ್ರ ಆರಿಸಬಾರದಂತೆ. ಇದು ಯಾವ ನ್ಯಾಯ?” ಎಂದು ಕೇಳಿದಳು. ಕೊಠಡಿಯೆಲ್ಲ ಚಪ್ಪಾಳೆಯಿಂದ ತುಂಬಿತು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಮಗೂ ಆ ಕ್ಷಣದಲ್ಲಿ ತಕ್ಕ ಉತ್ತರವು ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಕೂಟವು ಮುಗಿಯುವ ವೇಳೆಗೆ, ಅದುವರೆಗೂ ಬಾಯಿ ತೆರೆಯದಿದ್ದ ಇನ್ನೊಬ್ಬ ಹುಡುಗಿಯು ಮೆಲ್ಲಗೆ ಎದ್ದು, “ನಮ್ಮ ಮನೆಯಲ್ಲಿ ಅಣ್ಣನಿಗೆ 18, ತಮ್ಮನಿಗೆ 15. ಅಣ್ಣ ಮಾಡಿದ್ದನ್ನೆಲ್ಲ ತಮ್ಮ ಮಾಡುತ್ತಾನೆ,” ಎಂದಷ್ಟೇ ಹೇಳಿ ಕುಳಿತುಕೊಂಡಳು. ಆಕೆಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ಆ ರಾತ್ರಿ ನಮ್ಮ ಮನಸ್ಸಿನಲ್ಲಿ ಉಳಿದದ್ದು ಆಕೆಯ ಮಾತೇ. ಈ ಎರಡು ಮಾತುಗಳನ್ನೂ ತಕ್ಕಡಿಗೆ ಹಾಕಿ ತೂಗಿನೋಡುವದೇ ಈ ಲೇಖನದ ಉದ್ದೇಶ.

1. ನಮ್ಮ ನಾಡಿನ ಕಾಯಿದೆ

ಭಾರತದ ಸಂವಿಧಾನದಲ್ಲಿ ಮದ್ಯವು ರಾಜ್ಯಗಳ ಅಧಿಕಾರಕ್ಕೆ ಬಿಡಲ್ಪಟ್ಟ ವಿಷಯ. ಆದಕಾರಣ ನಮ್ಮ ದೇಶದಲ್ಲಿ ಎಲ್ಲೆಡೆಗೂ ಸಲ್ಲುವ ಒಂದೇ ಪ್ರಾಯಮಿತಿಯು ಇಲ್ಲ. ಗುಜರಾತಿನಲ್ಲಿಯೂ, 2016ರಿಂದ ಬಿಹಾರದಲ್ಲಿಯೂ ಪಾನನಿಷೇಧವಿದೆ. ಕೇರಳವು 2017ರಲ್ಲಿ ತನ್ನ ಮಿತಿಯನ್ನು 21ರಿಂದ 23ಕ್ಕೆ ಏರಿಸಿತು. ದೆಹಲಿಯ 2009ರ ಕಾಯಿದೆಯು 25 ಎಂದು ವಿಧಿಸಿತು. ಹರಿಯಾಣವು 2021ರಲ್ಲಿ ತನ್ನ 25ನ್ನು 21ಕ್ಕೆ ಇಳಿಸಿತು. ಹೀಗೆ ಒಂದೇ ದೇಶದಲ್ಲಿ ಕೆಲವರು ಏಣಿಯನ್ನು ಏರುತ್ತಿರುವಾಗ ಕೆಲವರು ಇಳಿಯುತ್ತಿದ್ದಾರೆ.

ನಮ್ಮ ಕರ್ನಾಟಕದ ಸಂಗತಿಯು ವಿಚಿತ್ರವಾದದ್ದು. 1965ನೇ ಇಸವಿಯ ಅಬಕಾರಿ ಕಾಯಿದೆಯು 18 ವರ್ಷ ತುಂಬದವರಿಗೆ ಮದ್ಯವನ್ನು ಮಾರುವ ಸನ್ನದುದಾರನನ್ನು ದಂಡನೆಗೆ ಗುರಿಮಾಡುತ್ತದೆ. ಆದರೆ ಅದೇ ಕಾಯಿದೆಯ ಅಡಿಯಲ್ಲಿ 1967ರಲ್ಲಿ ರಚಿಸಲ್ಪಟ್ಟ ಸನ್ನದಿನ ಷರತ್ತುಗಳ ನಿಯಮಗಳು, 21 ತುಂಬದವರಿಗೆ ಮಾರಕೂಡದೆಂದು ಹೇಳುತ್ತವೆ. ಕಾಯಿದೆಯ ಬಾಯಲ್ಲಿ ಒಂದು ಸಂಖ್ಯೆ, ನಿಯಮದ ಬಾಯಲ್ಲಿ ಇನ್ನೊಂದು. 2023ರ ಜನವರಿಯಲ್ಲಿ ಸರಕಾರವು ಈ ಎರಡನ್ನೂ ಒಂದಾಗಿಸುವದಕ್ಕಾಗಿ ನಿಯಮದ 21ನ್ನು 18 ಎಂದು ತಿದ್ದುವ ಕರಡನ್ನು ಹೊರಡಿಸಿ ಜನರ ಆಕ್ಷೇಪಣೆಗಳನ್ನು ಕೇಳಿತು. ಆಕ್ಷೇಪಣೆಗಳು ಬಂದವು, ಎಷ್ಟು ಬೇಗನೆ ಬಂದವೆಂದರೆ ಕರಡು ಹೊರಟ ಅದೇ ತಿಂಗಳಲ್ಲಿಯೇ ಸರಕಾರವು ಅದನ್ನು ಕೈಬಿಟ್ಟಿತು. ಹೀಗೆ 21 ಉಳಿಯಿತು.

ಎರಡು ಸಂಖ್ಯೆಗಳನ್ನು ಒಂದಾಗಿಸಬೇಕೆಂಬದು ನ್ಯಾಯವಾದ ಮಾತೇ. ಆದರೆ ಎರಡು ಗಡಿಯಾರಗಳು ಬೇರೆಬೇರೆ ಹೊತ್ತು ತೋರಿಸುವಾಗ, ಯಾವದು ಸರಿಯೆಂದು ವಿಚಾರಿಸಿಯೇ ಇನ್ನೊಂದನ್ನು ತಿರುಗಿಸಬೇಕು. ನಮ್ಮಲ್ಲಿ ಕರಡು ಬಿದ್ದುಹೋದದ್ದರಿಂದ ಆ ವಿಚಾರಣೆಯೂ ಅರ್ಧಕ್ಕೆ ನಿಂತಿತು. ಅದನ್ನು ಮುಂದುವರಿಸುವದಕ್ಕಾಗಿ, ಮೊದಲು ಇಳಿಸಬೇಕೆನ್ನುವವರ ವಾದವನ್ನು ಕೇಳೋಣ. ಬಳಿಕ, ನಿಜವಾಗಿ ಇಳಿಸಿ ನೋಡಿದ ದೇಶಗಳು ಏನು ಕಂಡವೆಂದು ತಿಳಿಯೋಣ.

2. ಇಳಿಸಬೇಕೆನ್ನುವವರ ವಾದ

ಎದುರಾಳಿಯ ವಾದವನ್ನು ಬಡಕಲುಮಾಡಿ ಹೇಳಿ ಅದನ್ನು ಸುಲಭವಾಗಿ ಕೆಡವುವದು ಚರ್ಚೆಯಲ್ಲ. ಆದದರಿಂದ ಆ ಪಕ್ಷದ ಬಲವಾದ ಮಾತುಗಳನ್ನೇ ಇಲ್ಲಿ ಕೊಡುತ್ತೇವೆ.

ಮೊದಲನೆಯದು ನಮ್ಮ ಹುಡುಗಿಯು ಹೇಳಿದ್ದೇ. ಭಾರತದಲ್ಲಿ 18 ತುಂಬಿದವರು ಪ್ರಾಪ್ತವಯಸ್ಕರು. ಕರಾರು ಮಾಡಬಲ್ಲರು, ಆಸ್ತಿ ಮಾರಬಲ್ಲರು. ಮತ ಕೊಡುವ ಪ್ರಾಯವೂ ಮೊದಲು 21 ಆಗಿದ್ದು, 61ನೇ ತಿದ್ದುಪಡಿಯಿಂದ 1989ರಲ್ಲಿ 18ಕ್ಕೆ ಇಳಿಯಿತು. ಇಷ್ಟಕ್ಕೆಲ್ಲ ಯೋಗ್ಯರಾದವರು ಇದೊಂದಕ್ಕೆ ಅಯೋಗ್ಯರು ಹೇಗೆ?

ಎರಡನೆಯದು: ತಡೆದದ್ದೇ ರುಚಿಯಾಗುತ್ತದೆ. ಬಾಗಿಲನ್ನು ಮುಚ್ಚಿದರೆ ಕಿಟಕಿಯಿಂದ ನುಗ್ಗುತ್ತಾರೆ. ಹಿರಿಯರ ಕಣ್ಣೆದುರಿನಲ್ಲಿ ಮಿತವಾಗಿ ಕುಡಿಯುವದನ್ನು ಕಲಿಯದೆ, ಹಾಸ್ಟೆಲಿನ ಮಾಳಿಗೆಯಲ್ಲಿಯೋ ಊರಾಚೆಯ ಕತ್ತಲೆಯಲ್ಲಿಯೋ ಅವಸರವಸರವಾಗಿ ಕುಡಿದು ಅಪಾಯಕ್ಕೊಳಗಾಗುತ್ತಾರೆ.

ಮೂರನೆಯದು: ಎಲ್ಲರೂ ಮುರಿಯುವ ನಿಯಮವು ಒಂದೇ ನಿಯಮವನ್ನು ಹಾಳುಮಾಡುವದಿಲ್ಲ; ನಿಯಮವೆಂಬದರ ಮೇಲಣ ಗೌರವವನ್ನೇ ಹಾಳುಮಾಡುತ್ತದೆ.

ಈ ಮೂರರಲ್ಲಿಯೂ ಸತ್ಯದ ಅಂಶವುಂಟು. ಮೊದಲನೆಯದಕ್ಕೆ ಈಗಲೇ ಉತ್ತರ ಕೊಡಬಹುದು. ನಮ್ಮ ಸಂವಿಧಾನವು ಎಲ್ಲ ಯೋಗ್ಯತೆಗಳೂ ಒಂದೇ ಹುಟ್ಟುಹಬ್ಬದ ದಿನ ಬರುತ್ತವೆಂದು ಎಲ್ಲಿಯೂ ಹೇಳಿಲ್ಲ. 18ರಲ್ಲಿ ಮತ ಕೊಡಬಹುದು. ಲೋಕಸಭೆಗೆ ನಿಲ್ಲಬೇಕಾದರೆ 25, ರಾಜ್ಯಸಭೆಗೆ 30, ರಾಷ್ಟ್ರಪತಿಯಾಗಲು 35 ತುಂಬಿರಬೇಕು. ಗಂಡುಮಗನ ಮದುವೆಗೆ ಕಾಯಿದೆಯು 21 ಎಂದು ಇಟ್ಟಿದೆ. ಅದರಿಂದ ತನಗೆ ಅವಮಾನವಾಯಿತೆಂದು ಯಾವ ವರನೂ ದೂರಿದ್ದನ್ನು ನಾವು ಕೇಳಿಲ್ಲ. ಜಪಾನ್ ದೇಶದ ಉದಾಹರಣೆಯು ಇನ್ನೂ ಸ್ಪಷ್ಟ. ಅಲ್ಲಿ ನೆಮೊಟೊ ಶೋ ಎಂಬ ಶಾಸನಸಭಾ ಸದಸ್ಯರು 1901ರಲ್ಲಿ ಎಳೆಯರ ಮದ್ಯಪಾನವನ್ನು ತಡೆಯುವ ಮಸೂದೆಯನ್ನು ಮೊದಲ ಬಾರಿ ತಂದು, ಸೋತು, ಪುನಃ ಪುನಃ ತಂದು, ಕೊನೆಗೆ 1922ರಲ್ಲಿ ಅದನ್ನು ಕಾಯಿದೆಯಾಗಿ ಮಾಡಿಸಿದರು. ಮಿತಿಯು 20 ಎಂದಾಯಿತು. ಸರಿಯಾಗಿ ನೂರು ವರ್ಷಗಳ ಮೇಲೆ, 2022ರ ಏಪ್ರಿಲಿನಲ್ಲಿ, ಜಪಾನ್ ಪ್ರಾಪ್ತವಯಸ್ಸನ್ನು 20ರಿಂದ 18ಕ್ಕೆ ಇಳಿಸಿತು. ಆದರೆ ಮದ್ಯ ಮತ್ತು ತಂಬಾಕಿನ ಪ್ರಾಯವನ್ನು 20 ಆಗಿಯೇ ಉಳಿಸಿಕೊಂಡಿತು. ಪ್ರಾಪ್ತವಯಸ್ಸು ಬೇರೆ, ಮದ್ಯದ ಪ್ರಾಯ ಬೇರೆಯೆಂದು ವಿವೇಕಿಗಳಾದ ಜನರು ಎಣಿಸಬಹುದೆಂಬದಕ್ಕೆ ಇದೇ ಸಾಕ್ಷಿ.

ಉಳಿದ ಎರಡು ವಾದಗಳು ಅನುಭವದಿಂದಲೇ ಪರೀಕ್ಷಿಸಲ್ಪಡಬೇಕಾದವು. ಅದಕ್ಕಾಗಿ ಮೊದಲು ಅಮೆರಿಕದ ಕಡೆಗೆ ನೋಡೋಣ. ಏಕೆಂದರೆ ಇಳಿಸಿ, ನೋಡಿ, ಮತ್ತೆ ಏರಿಸಿದ ದೇಶವು ಅದು.

3. ಅಮೆರಿಕವು ಕಲಿತ ಪಾಠ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1920ರಿಂದ ನಡೆದಿದ್ದ ಪಾನನಿಷೇಧವು 1933ರ ಡಿಸೆಂಬರಿನಲ್ಲಿ ಕೊನೆಗೊಂಡಿತು. ಆಮೇಲೆ ಒಂದೊಂದು ಸಂಸ್ಥಾನವೂ ತನ್ನ ತನ್ನ ಕಾಯಿದೆಯನ್ನು ಮಾಡಿಕೊಂಡಿತು; ಹೆಚ್ಚಿನವು 21 ಎಂದು ಇಟ್ಟವು. ವಿಯಟ್ನಾಮ್ ಯುದ್ಧದ ಕಾಲದಲ್ಲಿ, 18 ವರ್ಷದ ಹುಡುಗನನ್ನು ಕೋವಿ ಕೊಟ್ಟು ಸಾಯಲು ಕಳುಹಿಸುವ ದೇಶವು ಅವನಿಗೆ ಮತವನ್ನೇಕೆ ಕೊಡಬಾರದೆಂಬ ಕೂಗೆದ್ದಿತು. 1971ರಲ್ಲಿ ಮತದ ಪ್ರಾಯವು 18ಕ್ಕೆ ಇಳಿಯಿತು. ಅದರ ಬೆನ್ನ ಹಿಂದೆಯೇ ಮದ್ಯದ ಪ್ರಾಯವೂ ಇಳಿಯಿತು. 1970ರಿಂದ 1975ರೊಳಗೆ 29 ಸಂಸ್ಥಾನಗಳು ತಮ್ಮ ಮಿತಿಯನ್ನು 18, 19 ಅಥವಾ 20ಕ್ಕೆ ಇಳಿಸಿದವು. ನಮ್ಮ ಹುಡುಗಿಯ ವಾದವು ಅಲ್ಲಿ ಅಂದು ಗೆದ್ದಿತ್ತೆಂದು ಹೇಳಬಹುದು.

ಫಲವೇನಾಯಿತು? ಇಳಿಸಿದ ಸಂಸ್ಥಾನಗಳಲ್ಲಿ ಎಳೆಯ ಪ್ರಾಯದವರ ಮೋಟಾರು ಅಪಘಾತಗಳು ಹೆಚ್ಚಿದವು. ಅಷ್ಟೇ ಅಲ್ಲ, 21 ಎಂದಿಟ್ಟಿದ್ದ ಸಂಸ್ಥಾನದ ಹುಡುಗರು ಸಂಜೆ ಗಡಿ ದಾಟಿ, ಪಕ್ಕದ ಸಂಸ್ಥಾನದಲ್ಲಿ ಕುಡಿದು, ರಾತ್ರಿ ಮೋಟಾರು ಓಡಿಸಿಕೊಂಡು ಮರಳುತ್ತಾ ದಾರಿಯಲ್ಲಿ ಸಾಯುತ್ತಿದ್ದರು. ಅಂಥ ಗಡಿಗಳಿಗೆ ಅಲ್ಲಿಯ ಜನರು ‘ರಕ್ತದ ಗಡಿ’ಗಳೆಂದೇ ಹೆಸರಿಟ್ಟರು. ಕೆಲವು ಸಂಸ್ಥಾನಗಳು ಪಶ್ಚಾತ್ತಾಪಪಟ್ಟು ತಾವಾಗಿಯೇ ಮಿತಿಯನ್ನು ಮೇಲಕ್ಕೆ ಏರಿಸಿದವು.

ಇದೇ ಕಾಲದಲ್ಲಿ, 1980ರಲ್ಲಿ, ಕ್ಯಾಲಿಫೋರ್ನಿಯದ ಕ್ಯಾಂಡಿ ಲೈಟ್ನರ್ ಎಂಬ ತಾಯಿಯ 13 ವರ್ಷದ ಮಗಳು ರಸ್ತೆಯಲ್ಲಿ ನಡೆದುಹೋಗುತ್ತಿದ್ದಾಗ ಕುಡಿದವನ ಮೋಟಾರಿಗೆ ಸಿಕ್ಕಿ ಮೃತಳಾದಳು. ಆ ತಾಯಿಯು ದುಃಖದಲ್ಲಿ ಮನೆಯೊಳಗೆ ಕೂತಿರದೆ, ಕುಡಿದು ಮೋಟಾರು ನಡಿಸುವದಕ್ಕೆ ವಿರೋಧವಾಗಿ ತಾಯಂದಿರ ಸಂಘವೊಂದನ್ನು ಕಟ್ಟಿದಳು. ನ್ಯಾಯವಾಗಿ ಹೇಳಬೇಕಾದರೆ, ಆ ಮೋಟಾರನ್ನು ನಡಿಸುತ್ತಿದ್ದವನು ಹುಡುಗನಲ್ಲ, ನಡುಪ್ರಾಯದ ಗಂಡಸು. ಕುಡಿತದ ಕೇಡು ಎಳೆಯರದಷ್ಟೇ ಅಲ್ಲವೆಂಬದನ್ನು ಇದರಿಂದ ನೆನಪಿಟ್ಟುಕೊಳ್ಳಬೇಕು. ಆದರೂ ಆ ತಾಯಂದಿರು ಎಳೆಯರ ಪ್ರಾಯಮಿತಿಯನ್ನೂ ಕೈಗೆತ್ತಿಕೊಂಡರು. ಅವರ ಒತ್ತಾಯವು 1984ರ ಜುಲೈಯಲ್ಲಿ ಫಲಿಸಿತು. ಅಧ್ಯಕ್ಷ ರೇಗನ್ನರು ಸಹಿಮಾಡಿದ ಕಾಯಿದೆಯು, 21ಕ್ಕಿಂತ ಕಡಿಮೆ ಮಿತಿಯಿಟ್ಟ ಸಂಸ್ಥಾನಕ್ಕೆ ಹೆದ್ದಾರಿಗಳಿಗಾಗಿ ಕೊಡುವ ಹಣದಲ್ಲಿ ಮೊದಲ ವರ್ಷ ನೂರಕ್ಕೆ 5ನ್ನೂ ಅನಂತರ ನೂರಕ್ಕೆ 10ನ್ನೂ ತಡೆಹಿಡಿಯುವದೆಂದು ವಿಧಿಸಿತು.

ದಕ್ಷಿಣ ಡಕೋಟ ಸಂಸ್ಥಾನವು 19 ವರ್ಷದವರಿಗೆ ಹಗುರವಾದ ಬಿಯರನ್ನು ಮಾರಗೊಡುತ್ತಿತ್ತು. ಅದು ಈ ಕಾಯಿದೆಯ ವಿರುದ್ಧ ವರಿಷ್ಠ ನ್ಯಾಯಾಲಯಕ್ಕೆ ಹೋಯಿತು. 1987ರಲ್ಲಿ ಏಳು ಮಂದಿ ನ್ಯಾಯಾಧಿಪತಿಗಳು ಕಾಯಿದೆಯನ್ನು ಎತ್ತಿಹಿಡಿದರು, ಇಬ್ಬರು ಒಪ್ಪಲಿಲ್ಲ. ಒಪ್ಪದವರಲ್ಲಿ ಒಬ್ಬರು ಆ ನ್ಯಾಯಾಲಯದ ಮೊದಲನೆಯ ಮಹಿಳಾ ನ್ಯಾಯಾಧಿಪತಿಗಳಾದ ಸಾಂಡ್ರಾ ಡೇ ಒಕಾನರ್. ರಸ್ತೆ ಕಟ್ಟುವ ಹಣಕ್ಕೂ ಮದ್ಯದ ಪ್ರಾಯಕ್ಕೂ ಸಾಕಷ್ಟು ಸಂಬಂಧವಿಲ್ಲವೆಂಬದು ಅವರ ಅಭಿಪ್ರಾಯ. ಒಳ್ಳೆಯ ಗುರಿಯ ವಿಷಯದಲ್ಲಿಯೂ ದಾರಿಯು ನೇರವಾಗಿದೆಯೋ ಎಂದು ಕೇಳುವದು ನ್ಯಾಯವೆಂಬದನ್ನು ನಮ್ಮ ಹುಡುಗಿಯರು ಇವರಿಂದ ಕಲಿಯಬಹುದು. ಅಂತೂ 1988ರೊಳಗೆ ಎಲ್ಲ ಸಂಸ್ಥಾನಗಳಲ್ಲಿಯೂ 21 ಎಂದಾಯಿತು.

ಮಿತಿಯನ್ನು ಏರಿಸಿದ ಸಂಸ್ಥಾನಗಳ ವರದಿಗಳನ್ನು ಒಟ್ಟುಗೂಡಿಸಿ ನೋಡಿದ ಪಂಡಿತರು, ಎಳೆಯರ ಅಪಘಾತಗಳು ಸರಾಸರಿಯಾಗಿ ನೂರಕ್ಕೆ 16ರಷ್ಟು ಕಡಿಮೆಯಾದವೆಂದು ಕಂಡುಕೊಂಡರು. 2009ರಲ್ಲಿ ಕಾರ್ಪೆಂಟರ್ ಮತ್ತು ಡಾಬ್ಕಿನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಬಹು ಸರಳವಾದ ಇನ್ನೊಂದು ಪರೀಕ್ಷೆಯನ್ನು ಪ್ರಕಟಿಸಿದರು. 20 ವರ್ಷ 11 ತಿಂಗಳಿನವನಿಗೂ 21 ವರ್ಷ 1 ತಿಂಗಳಿನವನಿಗೂ ಬುದ್ಧಿಯಲ್ಲಾಗಲಿ ಬಲದಲ್ಲಾಗಲಿ ಏನು ಭೇದ? ಒಂದೂ ಇಲ್ಲ; ಒಬ್ಬನಿಗೆ ಕಾಯಿದೆಯು ಬಾಗಿಲನ್ನು ಮುಚ್ಚಿದೆ, ಇನ್ನೊಬ್ಬನಿಗೆ ತೆರೆದಿದೆ, ಅಷ್ಟೇ. ಆದರೆ 21 ತುಂಬಿದೊಡನೆ ಮರಣಗಳ ಪ್ರಮಾಣವು ನೂರಕ್ಕೆ 9ರಷ್ಟು ಥಟ್ಟನೆ ಏರುತ್ತಿತ್ತು. ಆ ಮರಣಗಳಲ್ಲಿ ಮೋಟಾರು ಅಪಘಾತಗಳೂ ಆತ್ಮಹತ್ಯೆಗಳೂ ಮದ್ಯದಿಂದಲೇ ಆದ ಸಾವುಗಳೂ ಮುಖ್ಯವಾಗಿದ್ದವು.

ಇದಕ್ಕೆ ಪ್ರತಿಯಾಗಿ ಹೇಳುವವರೂ ಇದ್ದಾರೆ. ವರ್ಮಾಂಟಿನ ಮಿಡಲ್‌ಬರಿ ಕಾಲೇಜಿನ ಮಾಜಿ ಅಧ್ಯಕ್ಷರಾದ ಜಾನ್ ಮಕ್‌ಕಾರ್ಡೆಲ್ ಎಂಬವರು 2008ರಲ್ಲಿ, 21ರ ಕಾಯಿದೆಯು ಕಾಲೇಜುಗಳಲ್ಲಿ ಗುಟ್ಟಿನ ಕುಡಿತವನ್ನು ಬೆಳೆಸಿದೆಯಾದ್ದರಿಂದ ಅದನ್ನು ಪುನರ್ವಿಚಾರಿಸಬೇಕೆಂದು ಒಂದು ಹೇಳಿಕೆಯನ್ನು ಹೊರಡಿಸಿದರು. ನೂರಮೂವತ್ತಕ್ಕೂ ಹೆಚ್ಚು ಕಾಲೇಜು ಅಧ್ಯಕ್ಷರು ಅದಕ್ಕೆ ಸಹಿಹಾಕಿದರು. ಆ ಪ್ರಯತ್ನಕ್ಕೆ ಅವರಿಟ್ಟ ಹೆಸರು ಅಮೆಥಿಸ್ಟ್. ಗ್ರೀಕ್ ಭಾಷೆಯಲ್ಲಿ ಆ ನೇರಳೆಯ ರತ್ನದ ಹೆಸರಿಗೆ ‘ಅಮಲೇರದ್ದು’ ಎಂದರ್ಥ. ವಿದ್ಯಾರ್ಥಿಗಳ ನಡುವೆ ದಿನವೂ ಬದುಕುವವರ ಮಾತನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಹಾರ್ವರ್ಡಿನ ಜೆಫ್ರಿ ಮೈರನ್ ಎಂಬ ಅರ್ಥಶಾಸ್ತ್ರಜ್ಞರೂ ಅವರ ಜೊತೆಗಾರರೂ 2009ರಲ್ಲಿ ಇನ್ನೊಂದು ಸಂಗತಿಯನ್ನು ಎತ್ತಿ ತೋರಿಸಿದರು: ತಾವಾಗಿಯೇ ಮನಸ್ಸು ಮಾಡಿ ಮಿತಿಯನ್ನು ಏರಿಸಿದ ಸಂಸ್ಥಾನಗಳಲ್ಲಿ ಜೀವಗಳು ಉಳಿದದ್ದು ಕಂಡುಬರುತ್ತದೆ, ಹಣದ ಒತ್ತಾಯಕ್ಕೆ ಮಣಿದು ಏರಿಸಿದವುಗಳಲ್ಲಿ ಅದು ಅಷ್ಟಾಗಿ ಕಾಣುವದಿಲ್ಲ. ಈ ಮಾತನ್ನು ವಾಚಕರು ಮರೆಯದಿರಲಿ. ಮುಂದೆ ಇದರ ಪ್ರಯೋಜನವುಂಟು.

ಒಬ್ಬ ಚತುರ ವಾದಿಯು ಇಲ್ಲಿ ಕೇಳಬಹುದು: “ಬಾಗಿಲು ತೆರೆದ ದಿನ ಏಟು ಬೀಳುವದೇ ನಿಜವಾದರೆ, ಅದು 21ರಲ್ಲಿ ಬಿದ್ದರೇನು, 18ರಲ್ಲಿ ಬಿದ್ದರೇನು?” ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರವು ನ್ಯೂಜೀಲೆಂಡಿನಲ್ಲಿ ಸಿಕ್ಕುತ್ತದೆ.

4. ನ್ಯೂಜೀಲೆಂಡು ಮತ್ತು ಹದಿನೈದರ ತಮ್ಮ

ನ್ಯೂಜೀಲೆಂಡ್ ದೇಶವು 1999ರ ಡಿಸೆಂಬರ್ 1ರಂದು ಮದ್ಯವನ್ನು ಕೊಳ್ಳುವ ಪ್ರಾಯವನ್ನು 20ರಿಂದ 18ಕ್ಕೆ ಇಳಿಸಿತು. ಕಾಯಿದೆಯು ಹಕ್ಕನ್ನು ಕೊಟ್ಟದ್ದು 18 ಮತ್ತು 19ರವರಿಗೆ ಮಾತ್ರ. 15, 16, 17ರವರ ವಿಷಯದಲ್ಲಿ ಒಂದಕ್ಷರವೂ ಬದಲಾಗಲಿಲ್ಲ. 2006ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಕಿಪ್ರಿ ಮೊದಲಾದ ಪಂಡಿತರು, ಮದ್ಯದ ಸಂಬಂಧವಿದ್ದು ಗಾಯಗಳಾದ ರಸ್ತೆಯ ಅಪಘಾತಗಳನ್ನು ಕಾಯಿದೆಯ ಮುಂಚಿನ ಮತ್ತು ಬಳಿಕದ ವರ್ಷಗಳಲ್ಲಿ ಎಣಿಸಿ, 20ರಿಂದ 24 ವರ್ಷದವರೊಡನೆ ಹೋಲಿಸಿದರು. ಆ ಹೋಲಿಕೆಯಲ್ಲಿ 18–19ರ ಹುಡುಗರಲ್ಲಿ ಪ್ರಮಾಣವು ನೂರಕ್ಕೆ 12ರಷ್ಟು ಏರಿತ್ತು. 15ರಿಂದ 17ರ ಹುಡುಗರಲ್ಲಿ, ಅಂದರೆ ಕಾಯಿದೆಯು ಯಾವ ಹಕ್ಕನ್ನೂ ಕೊಡದವರಲ್ಲಿ, ನೂರಕ್ಕೆ 14ರಷ್ಟು ಏರಿತ್ತು!

ಹುಡುಗಿಯರ ಶಾಲೆಯ ಸಂಚಿಕೆಯಾದ್ದರಿಂದ ಮುಂದಿನ ಅಂಕಿಗಳನ್ನು ಬಿಡಿಸಿ ಹೇಳಬೇಕು. 18–19ರ ಹುಡುಗಿಯರಲ್ಲಿ ಅದೇ ಪ್ರಮಾಣವು ನೂರಕ್ಕೆ 51ರಷ್ಟೂ, 15ರಿಂದ 17ರ ಹುಡುಗಿಯರಲ್ಲಿ ನೂರಕ್ಕೆ 24ರಷ್ಟೂ ಏರಿತ್ತು. ಹುಡುಗಿಯರಲ್ಲಿ ಇಂಥ ಅಪಘಾತಗಳು ಮೊದಲು ಕಡಿಮೆಯಾಗಿದ್ದದರಿಂದ ಏರಿಕೆಯು ದೊಡ್ಡದಾಗಿ ಕಾಣುವದೆಂಬದು ನಿಜ. ಬಳಿಕ ಅದೇ ದೇಶದ ಅಂಕಿಗಳನ್ನು ಬೇರೆ ರೀತಿಯಿಂದ ಲೆಕ್ಕಹಾಕಿದ ಕೆಲವರು ಅಪಘಾತಗಳ ಮಾತನ್ನು ಒಪ್ಪಲಿಲ್ಲವೆಂಬದೂ ನಿಜ. 2012ರಲ್ಲಿ ಅಲ್ಲಿಯ ಶಾಸನಸಭೆಯು ಪುನಃ ಮತಕ್ಕೆ ಹಾಕಿ 18ನ್ನೇ ಉಳಿಸಿಕೊಂಡಿತು. ಪಂಡಿತರು ವಾದಿಸುತ್ತಿರಲಿ. ಆದರೆ 15ರವರಿಗೆ ಮದ್ಯವು ಸೇರುವ ದಾರಿಯನ್ನು ತಿಳಿಯುವದಕ್ಕೆ ಪಾಂಡಿತ್ಯವು ಬೇಕಾಗಿಲ್ಲ.

15 ವರ್ಷದ ಹುಡುಗನು 21 ವರ್ಷದವನೊಡನೆ ಆಡುವದಿಲ್ಲ. ಅವರ ಗೆಳೆತನ ಬೇರೆ, ಬೀದಿ ಬೇರೆ. ಆದರೆ 18ರವನು ಅವನ ಅಣ್ಣ, ಅಣ್ಣನ ಗೆಳೆಯ, ಅಥವಾ ಅದೇ ಆಟದ ತಂಡದ ನಾಯಕ. ಒಂದೇ ಕಾಲೇಜಿನ ಆವರಣದಲ್ಲಿ ಪಿ.ಯು. ತರಗತಿಯ 16ರವರೂ ಪದವಿಯ 18ರವರೂ ಒಂದೇ ಕ್ಯಾಂಟೀನಿನಲ್ಲಿ ಕೂತು ಚಹಾ ಕುಡಿಯುತ್ತಾರೆ. ಅಂಗಡಿಯ ಗಲ್ಲದ ಮುಂದೆ 18ರವನು ನ್ಯಾಯವಾಗಿ ನಿಲ್ಲಬಹುದಾದ ದಿನವೇ, ಅವನ ಬೆನ್ನ ಹಿಂದೆ 15ರವನ ಕೈಯೂ ಅಲ್ಲಿಗೆ ಮುಟ್ಟುತ್ತದೆ. ಇದನ್ನೇ ಆ ಮೌನದ ಹುಡುಗಿಯು ನಮಗೆ ಎರಡು ವಾಕ್ಯಗಳಲ್ಲಿ ಹೇಳಿದ್ದಳು.

ಆದಕಾರಣ ನಮ್ಮ ಸಿದ್ಧಾಂತವು ಇದು: ಪ್ರಾಯಮಿತಿಯೆಂಬದು 18 ವರ್ಷದವನ ಬುದ್ಧಿಗೆ ಕೊಟ್ಟ ಪ್ರಮಾಣಪತ್ರವಲ್ಲ, ಅವನ ಹಿಂದೆ ನಿಂತಿರುವ 15 ವರ್ಷದವನಿಗಾಗಿ ಕಟ್ಟಿದ ಬೇಲಿ. ತೋಟದ ಬೇಲಿಯನ್ನು ಬೆಳೆಗೆ ತಾಗಿಸಿ ಯಾವ ರೈತನೂ ಕಟ್ಟುವದಿಲ್ಲ. ದನದ ಬಾಯಿ ಎಟುಕದಷ್ಟು ದೂರದಲ್ಲಿ ಕಟ್ಟುತ್ತಾನೆ.

ಭಾರತದಲ್ಲಿ ಇದಕ್ಕೆ ಇನ್ನೊಂದು ಕಾರಣವುಂಟು. ನಮ್ಮಲ್ಲಿ ಮೋಟಾರು ಬೈಕು ಮತ್ತು ಕಾರು ನಡಿಸುವ ಲೈಸೆನ್ಸು 18ರಲ್ಲಿ ಸಿಕ್ಕುತ್ತದೆ. ಮದ್ಯದ ಪ್ರಾಯವನ್ನೂ 18 ಮಾಡಿದರೆ, ಬಂಡಿಯ ಮೇಲೆ ಕೈ ಪಳಗದ ವರ್ಷದಲ್ಲಿಯೇ ಬಾಟ್ಲಿಯೂ ಕೈಗೆ ಬರುವದು. ಈಗಿನ 21ರ ನಿಯಮವು ಈ ಎರಡರ ನಡುವೆ ಮೂರು ವರ್ಷಗಳ ಅಂತರವನ್ನು ಇಟ್ಟಿದೆ. ಆ ಮೂರು ವರ್ಷಗಳು ವ್ಯರ್ಥವಲ್ಲ.

5. ಯುರೋಪಿನ ಮಾತು

“ಫ್ರಾನ್ಸಿನಲ್ಲಿ, ಜರ್ಮನಿಯಲ್ಲಿ ಮಕ್ಕಳು ತಾಯಿತಂದೆಗಳೊಡನೆ ಊಟದ ಮೇಜಿನಲ್ಲಿಯೇ ಮಿತಪಾನವನ್ನು ಕಲಿಯುತ್ತಾರೆ,” ಎಂದು ಹೇಳುವವರುಂಟು. ಜರ್ಮನಿಯಲ್ಲಿ ಬಿಯರ್ ಮತ್ತು ದ್ರಾಕ್ಷಾರಸಕ್ಕೆ 16 ಎಂದೂ ಉಗ್ರವಾದ ಮದ್ಯಗಳಿಗೆ 18 ಎಂದೂ ಕಾಯಿದೆಯಿರುವದು ನಿಜ. ಆದರೆ 1995ರಿಂದ ನಾಲ್ಕು ವರ್ಷಕ್ಕೊಮ್ಮೆ ಯುರೋಪಿನ 15–16ರ ಶಾಲಾಮಕ್ಕಳಲ್ಲಿ ನಡೆಯುತ್ತ ಬಂದ ವಿಚಾರಣೆಗಳನ್ನು ಅಮೆರಿಕದ ಅದೇ ಪ್ರಾಯದವರೊಡನೆ ಹೋಲಿಸಿದರೆ, ಹೆಚ್ಚಿನ ಯುರೋಪಿನ ದೇಶಗಳ ಮಕ್ಕಳೇ ಹೆಚ್ಚಾಗಿ ಕುಡಿಯುವವರೆಂದು ಕಾಣುತ್ತದೆ. ಅಲ್ಲಿಯ ದೇಶಗಳೇ ಈಗ ಬೇಲಿಯನ್ನು ದೂರಕ್ಕೆ ಸರಿಸುತ್ತಿವೆ. ನೆದರ್ಲೆಂಡ್ಸ್ ದೇಶವು 2014ರಲ್ಲಿ 16ರಿಂದ 18ಕ್ಕೂ, ಲಿಥುವೇನಿಯವು 2018ರಲ್ಲಿ 18ರಿಂದ 20ಕ್ಕೂ ಏರಿಸಿದವು.

6. ಶರೀರಶಾಸ್ತ್ರವು ಹೇಳುವದೇನು?

ಮದ್ಯವು ಹೊಟ್ಟೆಯಿಂದ ರಕ್ತಕ್ಕೂ ರಕ್ತದಿಂದ ಮಿದುಳಿಗೂ ಕೆಲವೇ ನಿಮಿಷಗಳಲ್ಲಿ ಸೇರುತ್ತದೆ. ಮಿದುಳಿನ ಮುಂಭಾಗವು ಮುಂದಾಲೋಚನೆಗೂ ಆಶೆಯನ್ನು ಹತೋಟಿಯಲ್ಲಿಡುವದಕ್ಕೂ ಬೇಕಾದ ಭಾಗ. ಅದು ಪೂರ್ಣವಾಗಿ ಬೆಳೆಯುವದು ಇಪ್ಪತ್ತರ ನಡುಭಾಗದಲ್ಲಿ. ಮೆಚ್ಚುಗೆಗೂ ಸಾಹಸಕ್ಕೂ ಹಾತೊರೆಯುವ ಭಾಗವೋ ಅದಕ್ಕಿಂತ ಮುಂಚೆಯೇ ಚುರುಕಾಗಿರುತ್ತದೆ. ಅಂದರೆ ಎತ್ತುಗಳು ಓಡಲು ಕಲಿತಿವೆ, ಮೂಗುದಾರವಿನ್ನೂ ಗಟ್ಟಿಯಾಗಿಲ್ಲ. 1997ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ವಿಚಾರಣೆಯಲ್ಲಿ, 15ಕ್ಕೆ ಮುಂಚೆ ಕುಡಿಯಲು ತೊಡಗಿದವರಲ್ಲಿ ನೂರಕ್ಕೆ 40ರಷ್ಟು ಜನ ಜೀವಮಾನದಲ್ಲಿ ಎಂದಾದರೊಮ್ಮೆ ಕುಡಿತಕ್ಕೆ ದಾಸರಾಗಿದ್ದರು. 20ರವರೆಗೆ ಕಾದವರಲ್ಲಿ ನೂರಕ್ಕೆ 10ರಷ್ಟು ಮಾತ್ರ. ಬೇಗ ತೊಡಗಿದವರ ಮನೆಯ ಕಷ್ಟಗಳೂ ಇದಕ್ಕೆ ಕಾರಣವಾಗಿರಬಹುದು. ಆದರೂ ಭೇದವು ಚಿಕ್ಕದಲ್ಲ.

ಹುಡುಗಿಯರು ಇನ್ನೊಂದನ್ನು ತಿಳಿದಿರಬೇಕು. ಸ್ತ್ರೀಯ ದೇಹದಲ್ಲಿ ನೀರಿನ ಅಂಶವು ಪುರುಷನಿಗಿಂತ ಕಡಿಮೆ. ಆದುದರಿಂದ ಒಂದೇ ತೂಕದ ಇಬ್ಬರು ಒಂದೇ ಅಳತೆಯಷ್ಟು ಕುಡಿದರೂ ಸ್ತ್ರೀಯ ರಕ್ತದಲ್ಲಿ ಮದ್ಯವು ಹೆಚ್ಚು ಗಟ್ಟಿಯಾಗಿರುತ್ತದೆ. “ಅವನು ಕುಡಿದಷ್ಟೇ ನಾನೂ ಕುಡಿದೆ,” ಎಂಬ ಸಮಾನತೆಯ ಲೆಕ್ಕವು ರಕ್ತದಲ್ಲಿ ಸರಿಹೋಗುವದಿಲ್ಲ.

7. ಕಾಯಿದೆಯಿಂದಾಗದ್ದು

ಇಷ್ಟು ಹೇಳಿ ನಿಲ್ಲಿಸಿದರೆ ನಾವು ಅರ್ಧಪಾಠವನ್ನು ಕಲಿಸಿದಂತಾಗುವದು. ಇಳಿಸಬೇಕೆನ್ನುವವರ ಎರಡನೆಯ ಮತ್ತು ಮೂರನೆಯ ವಾದಗಳು, ಅಂದರೆ ಗುಟ್ಟಿನ ಕುಡಿತ ಮತ್ತು ಮುರಿಯಲ್ಪಡುವ ನಿಯಮ, ಇನ್ನೂ ನಮ್ಮ ಮುಂದೆ ನಿಂತಿವೆ. ಒತ್ತಾಯದಿಂದ ಏರಿಸಿದಲ್ಲಿ ಫಲ ಕಡಿಮೆ, ಮನಸ್ಸಿನಿಂದ ಏರಿಸಿದಲ್ಲಿ ಫಲ ಹೆಚ್ಚು ಎಂಬ ಮಾತನ್ನು ಈಗ ನೆನಪಿಗೆ ತಂದುಕೊಳ್ಳೋಣ. ಬೇಲಿಯು ಸರಕಾರದ್ದಾದರೂ ಅದಕ್ಕೆ ಕಾವಲು ಮನೆಯವರದೇ. ಅಂಗಡಿಯವನು ಪ್ರಾಯವನ್ನು ಕೇಳದೆ ಮಾರಿದರೆ, ಮನೆಯವರು ನೋಡಿಯೂ ನೋಡದಂತಿದ್ದರೆ, 21 ಎಂದು ಬರೆದರೇನು, 31 ಎಂದು ಬರೆದರೇನು?

ಆದದರಿಂದ ತಾಯಿತಂದೆಗಳೊಡನೆ ನಾವು ಮನಸ್ಸು ಬಿಚ್ಚಿ ಕೆಲವು ಮಾತುಗಳನ್ನಾಡುತ್ತೇವೆ. ತಂದೆಗೆ ಬೇಕಾದ ಬಾಟ್ಲಿಯನ್ನು ತರಲು ಮಗನನ್ನು ಅಂಗಡಿಗೆ ಕಳುಹಿಸುವ ಮನೆಗಳಿವೆ. ಆ ಮಗನಿಗೆ ಅಂಗಡಿಯ ದಾರಿಯನ್ನು ತೋರಿಸಿದವರು ಯಾರು? ಮದುವೆ ಹಬ್ಬಗಳಲ್ಲಿ, “ಒಂದು ಗುಟುಕಿನಿಂದ ಏನಾಗುತ್ತದೆ?” ಎಂದು ನಗುತ್ತಾ ಎಳೆಯರ ಕೈಗೆ ಲೋಟವನ್ನು ಕೊಡುವ ನೆಂಟರಿದ್ದಾರೆ; ಅವರನ್ನು ತಡೆಯಲು ದಾಕ್ಷಿಣ್ಯವು ಬೇಡ. ಮಗನು ಕುಡಿದರೆ ‘ಪ್ರಾಯದ ಹುಡುಗ’ ಎಂದೂ, ಮಗಳು ಕುಡಿದರೆ ‘ಮಾನ ಹೋಯಿತು’ ಎಂದೂ ಎರಡು ತೂಕಗಳನ್ನು ಇಟ್ಟುಕೊಂಡ ಮನೆಯು ಇಬ್ಬರಿಗೂ ಸತ್ಯವನ್ನು ಕಲಿಸಲಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಮಕ್ಕಳು ಓದಿಗಾಗಿ ಬೆಂಗಳೂರಿಗೋ ಮಂಗಳೂರಿಗೋ ಹೊರಡುವ ದಿನ ಹಾಸಿಗೆ ತಟ್ಟೆಗಳ ಜೊತೆಗೆ ಒಂದು ಮಾತನ್ನೂ ಕಟ್ಟಿ ಕಳುಹಿಸಿರಿ: “ಎಂಥ ಹೊತ್ತಿನಲ್ಲಾದರೂ, ಎಂಥ ಸ್ಥಿತಿಯಲ್ಲಾದರೂ ಹೆದರದೆ ಫೋನು ಮಾಡು. ಕುಡಿದವನ ಬಂಡಿ ಹತ್ತಬೇಡ. ನಾವು ಬರುತ್ತೇವೆ, ಇಲ್ಲವೆ ಯಾರನ್ನಾದರೂ ಕಳುಹಿಸುತ್ತೇವೆ. ಆ ರಾತ್ರಿ ಬೈಯುವದಿಲ್ಲ.” ಬೈಗಳಕ್ಕೆ ಮರುದಿನ ಹೊತ್ತಿದೆ. ಗುಟ್ಟಿನ ಕುಡಿತವು ಪ್ರಾಣಕ್ಕೆ ಬರುವದು ಹೆಚ್ಚಾಗಿ ಭಯದಿಂದ. ಪ್ರಜ್ಞೆ ತಪ್ಪಿದ ಗೆಳತಿಯನ್ನು ಆಸ್ಪತ್ರೆಗೆ ಒಯ್ಯದೆ ಕೋಣೆಯಲ್ಲಿ ಮುಚ್ಚಿಡುವದು ಭಯ. ಕಾಯಿದೆಯನ್ನು ಕಟ್ಟುನಿಟ್ಟಾಗಿಟ್ಟುಕೊಂಡು ಮನೆಯ ಬಾಗಿಲನ್ನು ತೆರೆದಿಟ್ಟರೆ ಆ ಭಯವು ಕರಗುವದು. ಅಮೆಥಿಸ್ಟಿನ ಅಧ್ಯಕ್ಷರು ಕೇಳಿದ ಪ್ರಶ್ನೆಗೆ ನಮಗೆ ತಿಳಿದ ಉತ್ತಮ ಉತ್ತರವು ಇದೇ, ಪ್ರಾಯವನ್ನು ಇಳಿಸುವದಲ್ಲ.

ಆ ಚರ್ಚಾಕೂಟದ ಬಳಿಕ ಹುಡುಗಿಯರು ಮತ ಹಾಕಿದರು. ಸೂಚನೆಯು ಕೆಲವೇ ಮತಗಳಿಂದ ಬಿದ್ದುಹೋಯಿತು. ಚಪ್ಪಾಳೆ ಗಿಟ್ಟಿಸಿದ ಹುಡುಗಿಯು ಹೊರಗೆ ಹೋಗುವಾಗ ಆ ಮೌನದ ಹುಡುಗಿಯ ಹೆಗಲ ಮೇಲೆ ಕೈಯಿಟ್ಟು, “ನಿನ್ನ ತಮ್ಮ ಹೇಗಿದ್ದಾನೆ?” ಎಂದು ಕೇಳಿದ್ದು ನಮ್ಮ ಕಿವಿಗೆ ಬಿತ್ತು. ಚರ್ಚೆಯಿಂದ ಆಗಬೇಕಾದ ಲಾಭವು ಅದೇ ಅಲ್ಲವೇ?

ಮನೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

1. ಮತ, ಮದುವೆ, ಮೋಟಾರು, ಮದ್ಯ: ಈ ನಾಲ್ಕಕ್ಕೂ ಒಂದೇ ಪ್ರಾಯವಿರಬೇಕೋ? ಏಕೆ?

2. ಕರ್ನಾಟಕದ ಕಾಯಿದೆಯಲ್ಲಿರುವ 18ನ್ನೂ ನಿಯಮದಲ್ಲಿರುವ 21ನ್ನೂ ಒಂದಾಗಿಸಬೇಕಾದರೆ ನೀವು ಯಾವದನ್ನು ತಿದ್ದುವಿರಿ?

3. ನ್ಯೂಜೀಲೆಂಡಿನ ಸಂಶೋಧನೆಯಲ್ಲಿ, ಯಾವ ಹಕ್ಕನ್ನೂ ಪಡೆಯದ 15–17ರವರಿಗೆ ಏಟು ತಗಲಿದ ದಾರಿಯನ್ನು ನಿಮ್ಮ ಬೀದಿಯ ಉದಾಹರಣೆಯಿಂದ ವಿವರಿಸಿರಿ.

4. ದಕ್ಷಿಣ ಡಕೋಟದ ಮೊಕದ್ದಮೆಯಲ್ಲಿ ನೀವು ನ್ಯಾಯಾಧಿಪತಿಗಳಾಗಿದ್ದರೆ ಯಾವ ಪಕ್ಷವನ್ನು ಹಿಡಿಯುತ್ತಿದ್ದಿರಿ?

5. ರಾತ್ರಿ ಹನ್ನೊಂದಕ್ಕೆ ನಿಮ್ಮ ಮಗಳ ಫೋನು ಬಂದರೆ, ನಿಮ್ಮ ಬಾಯಿಂದ ಹೊರಡುವ ಮೊದಲನೆಯ ಮಾತು ಯಾವದು?